ಕತ್ತರಿಸದ ಹಾಸು

ತೂಜಾನ್
ಫೆಬ್ರವರಿ 6, 1977

ನೆಜಿಯಾ,

ಮೊದಲು ಸಲಾಮು ಹೇಳಬೇಕು, ಆಮೇಲೆ ಮೈ ಹುಷಾರಾಗಿದೆಯಾ ಎಂದು ಕೇಳಬೇಕು. ಎರಡೂ ಇವತ್ತು ನನ್ನಿಂದಾಗದು. ಮಗ್ಗ ಎಲ್ಲಿ?

ಗಾಬೆಸ್‌ನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ನಿನ್ನ ಸೋದರಮಾವನ ಮನೆಯಲ್ಲಿ ಪಟ್ಟಿ ಕಟ್ಟಿಕೊಂಡು ಮಲಗಿದ್ದು, ನಿನ್ನೆ ಊರಿಗೆ ಬಂದೆ. ದಾರಿಯಲ್ಲಿ ಆಲಿವ್ ಮರದ ಒಂದೊಂದು ಎಲೆಯೂ ಬೇರೆಬೇರೆಯಾಗಿ ಕಾಣುತ್ತಿತ್ತು. ಮಗುವಿನ ಹಾಗೆ ಬಸ್ಸಿನ ಕಿಟಕಿಗೆ ಮುಖ ಒತ್ತಿಕೊಂಡು ಬಂದೆ. ಬಾಗಿಲು ತೆಗೆದರೆ ಹೊಸ ಕಣ್ಣಿಗೆ ಕಂಡದ್ದು ಬೋಳು ಗೋಡೆ. ಮಗ್ಗದ ಕಾಲು ನಿಂತಿದ್ದ ಕಡೆ ನೆಲದಲ್ಲಿ ಎರಡು ಗುಳಿ. ಇದನ್ನು ನೋಡಲಿಕ್ಕೇ ಡಾಕ್ಟರು ನನಗೆ ಕಣ್ಣು ಕೊಟ್ಟರೇನೋ.

ಪಕ್ಕದ ಮನೆಯ ಸಾಸಿಯಾ ಓಡಿ ಬಂದಳು. ಹೋಟೆಲಿನ ವ್ಯಾನು ಬಂದಿತ್ತಂತೆ, ನಾಲ್ಕು ಜನ ಗಂಡಸರು ಮಗ್ಗ ಹೊತ್ತರಂತೆ, ನೀನು ಮುಂದೆ ನಿಂತು ಹುಷಾರು ಹುಷಾರು ಅನ್ನುತ್ತಿದ್ದೆಯಂತೆ. "ನಿಂಗೆ ಗೊತ್ತಿಲ್ವಾ ಖಮೀಸಾ?" ಅಂದಳು. ಗೊತ್ತಿಲ್ಲದೆ ಏನು, ನಾನೇ ಹೇಳಿ ಕಳಿಸಿದ್ದು ಅಂದೆ. ಹೆತ್ತ ಮಗಳು ಕಳ್ಳಿ ಎಂದು ಬೀದಿಯವರ ಮುಂದೆ ಹೇಳಿಕೊಳ್ಳಲಿಕ್ಕಾಗುತ್ತದೆಯೇ?

ಆ ಮಗ್ಗದ ಮೇಲಿರುವುದು ನಿನ್ನ ಅಕ್ಕನ ಕಂಬಳಿ. ತನ್ನ ಮದುವೆಗೆಂದು ಶಲ್ಬಿಯಾ ತಾನೇ ನೂತು, ತಾನೇ ಬಣ್ಣ ಹಾಕಿ ನೇಯುತ್ತಿದ್ದ ಕಂಬಳಿ. ಅರ್ಧ ಆಗುವಷ್ಟರಲ್ಲಿ ಜ್ವರ ಬಂತು, ವಾರದೊಳಗೆ ಅವಳು ಹೋದಳು. ಅದನ್ನು ನೀನು ಹಳೇ ಮಂಚ ಸಾಗಿಸುವ ಹಾಗೆ ಸಾಗಿಸಿದೆ. ವ್ಯಾನಿನಲ್ಲಿ ಮಲಗಿಸಿದಾಗ ಆ ಗಂಡಸರು ಮಗ್ಗಕ್ಕೆ ಉದ್ದುದ್ದ ಬಿಗಿದ ಹಾಸಿನ ನೂಲನ್ನು ದಾಟಿದರಾ? ಅದನ್ನಾದರೂ ನಿಜ ಹೇಳು. ಹಾಸು ದಾಟಬಾರದು ಎಂದು ನಿನಗೆ ನಡೆಯಲು ಬರುವ ಮೊದಲೇ ಕಲಿಸಿದ್ದೆ.

ಉಣ್ಣೆ ಬಡಿದು ಕೂರಿಸುವ ಕಬ್ಬಿಣದ ಹಣಿಗೆ ಒಂದು ಉಳಿದಿದೆ. ನನ್ನ ಗಂಟಿನಲ್ಲಿ ಗಾಬೆಸ್‌ಗೆ ಬಂದಿದ್ದರಿಂದ ನಿನ್ನ ಕೈಗೆ ಸಿಗಲಿಲ್ಲ.

ಅಂಚೆ ಕಚೇರಿಯ ಫೋನಿನಲ್ಲಿ ಬೈದರೆ ಇಡೀ ತೂಜಾನ್ ಕೇಳಿಸಿಕೊಳ್ಳುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಈ ವಯಸ್ಸಿನಲ್ಲಿ ನನಗೆ ಅಕ್ಷರ ತಿದ್ದಿಸಿದವಳು ಶಲ್ಬಿಯಾ. ಅವಳು ಕಲಿಸಿದ ಅಕ್ಷರದಲ್ಲಿ ನಿನ್ನನ್ನು ಬೈಯುವ ಹಾಗಾಯಿತು. ಶುಕ್ರವಾರದೊಳಗೆ ಮಗ್ಗ ಮನೆಗೆ ಬರಬೇಕು.

ನಿನ್ನನ್ನು ಹೆತ್ತ ತಪ್ಪಿಗೆ,
ಖಮೀಸಾ


ಹೋಟೆಲ್ ಕಸ್ರ್ ಅಲ್ ಮೌಜ್, ಜೆರ್ಬಾ
ಫೆಬ್ರವರಿ 15, 1977

ಪ್ರೀತಿಯ ಉಮ್ಮಿ,

ಕಣ್ಣು ವಾಸಿಯಾದ ಸುದ್ದಿ ಕೇಳಿ ಸಂತೋಷವಾಯಿತು. ಧೂಳಿಗೆ ಹೋಗಬೇಡ.

ಮಗ್ಗ ಕ್ಷೇಮವಾಗಿದೆ. ಯಾರೂ ಹಾಸು ದಾಟಿಲ್ಲ, ನಾನು ಪಕ್ಕದಲ್ಲೇ ಕೂತಿದ್ದೆ. ಹೋಟೆಲಿನ ದೊಡ್ಡ ಹಜಾರದಲ್ಲಿ, ಸಮುದ್ರಕ್ಕೆ ಎದುರಾಗಿ ನಿಲ್ಲಿಸಿದ್ದೇವೆ. ನಮ್ಮ ಯಜಮಾನರು ಸೀ ಲಾಮೀನ್ ದಕ್ಷಿಣದ ಕೈಕೆಲಸವನ್ನೆಲ್ಲ ಒಂದೇ ಕಡೆ ತರುತ್ತಿದ್ದಾರೆ. ಗಲ್ಲಾಲಾದ ಎಣ್ಣೆ ಹಂಡೆಗಳಲ್ಲಿ ಒಣ ಜೊಂಡು ಜೋಡಿಸಿದ್ದಾರೆ. ಹಳೆಯ ಬಾಗಿಲುಗಳೆಲ್ಲ ಮೇಜಾಗಿವೆ. ಆಕ್ಟೋಪಸ್ ಹಿಡಿಯುವ ಗಡಿಗೆಗಳ ಒಳಗೆ ಬಲ್ಬು ಇಟ್ಟು ತೂಗುಹಾಕಿದ್ದಾರೆ, ನೋಡಲು ಚೆನ್ನಾಗಿದೆ. ಮಗ್ಗದ ಪಕ್ಕ ಹಿತ್ತಾಳೆಯ ಹಲಗೆಯಲ್ಲಿ ಅಕ್ಕನ ಹೆಸರು ಕೆತ್ತಿಸುತ್ತಾರಂತೆ. ಅವಳಿಗೆ ಸಮುದ್ರ ನೋಡಬೇಕೆಂಬ ಆಸೆ ಎಷ್ಟಿತ್ತು, ನಿನಗೆ ಗೊತ್ತಲ್ಲ.

ನಾನು ಕೇಳಿಯೇ ತರಬೇಕೆಂದಿದ್ದೆ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಇದಕ್ಕಾಗಿ ಒಂದು ಮಿಲ್ಲೀಮ್ ಕಾಸನ್ನೂ ನಾನು ಮುಟ್ಟಿಲ್ಲ. ಉಳಿದದ್ದು ಮುಂದೆ ನೋಡೋಣ.

ಬಸ್ಸಿನವನ ಕೈಯಲ್ಲಿ ಕಾಫಿಪುಡಿ ಕಳಿಸಿದ್ದೇನೆ. ಕಿತ್ತಳೆ ಹೂವಿನ ನೀರು ಎರಡು ಹನಿ ಹಾಕಿ ಕುಡಿ.

ನಿನ್ನ ಮಗಳು,
ನೆಜಿಯಾ


ತೂಜಾನ್
ಫೆಬ್ರವರಿ 24, 1977

ನೆಜಿಯಾ,

ಕಾಫಿಪುಡಿ ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದೆ. ಗಾಯಕ್ಕೆ ಬರೆ ಎಳೆದು ಮೇಲೆ ಬೆಲ್ಲ ಸವರಬೇಡ.

ನಾನು ಕೇಳಿದ್ದು ಮಗ್ಗ ಯಾವಾಗ ಬರುತ್ತದೆ ಎಂದು. ನೀನು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಆಕ್ಟೋಪಸ್ ಗಡಿಗೆಯಲ್ಲಿ ಬಲ್ಬಂತೆ, ಎಣ್ಣೆ ಹಂಡೆಯಲ್ಲಿ ಹುಲ್ಲಂತೆ. ಗಡಿಗೆಯಲ್ಲಿ ಆಕ್ಟೋಪಸ್ ಇರಬೇಕು, ಹಂಡೆಯಲ್ಲಿ ಎಣ್ಣೆ ಇರಬೇಕು. ನಿಮ್ಮ ಸೀ ಲಾಮೀನ್ ಊಟಕ್ಕೆ ಚಪ್ಪಲಿ ಬಡಿಸಿ, ಇದೂ ದಕ್ಷಿಣದ ಕೈಕೆಲಸ ಅಂದರೂ ನೀನು ತಲೆ ಆಡಿಸುತ್ತೀಯ. ಜಾಗ ಉಳಿದಿದ್ದರೆ ಹೇಳು, ನಾನೂ ಬಂದು ಮೂಲೆಯಲ್ಲಿ ನಿಲ್ಲುತ್ತೇನೆ, ತಲೆಗೊಂದು ಬಲ್ಬು ಸಿಕ್ಕಿಸಿ.

ಶಲ್ಬಿಯಾ ಸಮುದ್ರ ನೋಡುತ್ತಿದ್ದಾಳೆ ಎಂದು ಬರೆದಿದ್ದೀಯಲ್ಲ, ಕೈ ಹೇಗೆ ಬಂತು? ಹಾಸು ಕಟ್ಟಿದ ದಿನ ಮಗ್ಗಕ್ಕೆ ಉಸಿರು ಬರುತ್ತದೆ, ಖರ್ಜೂರ ಹಂಚುತ್ತೇವೆ. ನೇಯ್ದು ಮುಗಿಸಿದ ದಿನ ಗಂಡಸರನ್ನು ಹೊರಗೆ ಕಳಿಸಿ, ಪ್ರಾಣ ಹೋಗುವವರ ತುಟಿಗೆ ನೀರು ಬಿಡುವ ಹಾಗೆ ನೂಲಿಗೆ ನೀರು ಬಿಟ್ಟು, ದೇವರ ಹೆಸರು ಹೇಳಿ ಕತ್ತರಿಸುತ್ತೇವೆ. ನೇಯುವವಳು ಅರ್ಧಕ್ಕೇ ಸತ್ತರೆ ಮನೆಯವರು ಮುಗಿಸಿ ಕತ್ತರಿಸಬೇಕು. ಅಲ್ಲಿಯವರೆಗೆ ಅವಳಿಗೆ ಬಾಯಾರಿಕೆ ತೀರುವುದಿಲ್ಲ. ನೀನು ಬಾಯಾರಿದವಳನ್ನು ಕರೆದುಕೊಂಡು ಹೋಗಿ ಉಪ್ಪುನೀರಿನ ಎದುರು ನಿಲ್ಲಿಸಿದ್ದೀಯ.

ಹಿತ್ತಾಳೆ ಹಲಗೆ ನಿಮ್ಮ ಯಜಮಾನನೇ ಕುತ್ತಿಗೆಗೆ ಕಟ್ಟಿಕೊಳ್ಳಲಿ. ನನಗೆ ಮಗ್ಗ ಬೇಕು.

ಖಮೀಸಾ


ಜೆರ್ಬಾ
ಮಾರ್ಚ್ 4, 1977

ಉಮ್ಮಿ,

ಸರಿ, ದೀಪವನ್ನು ಗೋಡೆಯಿಂದ ಇಳಿಸುತ್ತೇನೆ. ಕೇಳಿಸಿಕೋ.

ಮುಗಿಸಬೇಕು, ಕತ್ತರಿಸಬೇಕು ಎಂದು ನನಗೆ ಪಾಠ ಹೇಳುತ್ತೀಯ. ಎರಡು ವರ್ಷ ಆ ಮಗ್ಗ ಯಾರ ಕಣ್ಣೆದುರು ನಿಂತಿತ್ತು? ಕಣ್ಣಿಗೆ ಪೊರೆ ಬಂದಿತ್ತು ಎನ್ನಬೇಡ, ಪೊರೆ ಬಂದದ್ದು ಹೋದ ವರ್ಷ. ಅಕ್ಕ ತೀರಿಕೊಂಡ ತಿಂಗಳೇ ನಾನು ಮಗ್ಗದ ಮುಂದೆ ಕೂತಿದ್ದೆ, ನೆನಪಿದೆಯಾ? ಒಂದೆಳೆ ಹಾಕಿದ್ದೆ. ನೀನು ಹಣಿಗೆ ಕಿತ್ತುಕೊಂಡು ಅದರಲ್ಲೇ ನನ್ನ ಕೈಗೆ ಹೊಡೆದೆ. "ಮುಟ್ಬೇಡ. ಅದು ಅವಳ ಜಾಗ" ಅಂದೆ. ಹೆಬ್ಬೆರಳಿನ ಹತ್ತಿರ ಮೂರು ಹಲ್ಲಿನ ಗುರುತು ಇನ್ನೂ ಇದೆ. ನಾನು ಹಾಕಿದ ಎಳೆಯನ್ನು ನೀನು ಬಿಚ್ಚಿ ತೆಗೆದೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ನಗಲಿಲ್ಲ. ಗೋಡೆ ಕಡೆ ಬೆನ್ನು ಮಾಡಿ ಉಣ್ಣುವುದು ಅಭ್ಯಾಸವಾಯಿತು. ಸಾಸಿಯಾ ಚಿಕ್ಕಮ್ಮ ಬಂದರೆ ನೀನು "ಮೆಲ್ಲಗೆ ಮಾತಾಡು, ಅವಳು ನೇಯ್ತಿದಾಳೆ" ಅನ್ನುತ್ತಿದ್ದೆ. ನಾನು ಅಲ್ಲೇ ಕೂತು ನಿನಗೆ ಉಣ್ಣೆ ಬಿಡಿಸಿಕೊಡುತ್ತಿದ್ದೆ, ಉಮ್ಮಿ. ನೀನು ನನ್ನ ತಲೆಯ ಮೇಲಿಂದ ಆ ಖಾಲಿ ಮಣೆಯನ್ನು ನೋಡುತ್ತಿದ್ದೆ.

ಮನ್ಸೂರನ ತಾಯಿ ಎರಡು ಸಲ ನನ್ನನ್ನು ಕೇಳಿಕೊಂಡು ಬಂದರು. ಎರಡು ಸಲವೂ ನೀನು "ಮಗ್ಗ ನಿಂತಿರೋ ಮನೇಲಿ ಮದುವೆ ಮಾತಾ?" ಎಂದು ಕಳಿಸಿದೆ. ಮಗ್ಗವನ್ನು ನಿಲ್ಲಿಸಿಕೊಂಡವಳು ನೀನೇ. ಅವನು ದೋಣಿಗಟ್ಟೆಯಲ್ಲಿ ಹಗ್ಗ ಎಸೆಯುವ ಕೆಲಸಕ್ಕೆ ಈ ದ್ವೀಪಕ್ಕೆ ಬಂದ, ನಾನು ಈ ಹೋಟೆಲಿಗೆ ಬಂದೆ. ಸತ್ತವಳಿಗೆ ಬಾಯಾರಿಕೆ ಎನ್ನುತ್ತೀಯ. ನಾನು ಬದುಕಿದ್ದೇನೆ. ನನ್ನ ತುಟಿಗೆ ಯಾರು ನೀರು ಬಿಡುತ್ತಾರೆ?

ಮಗ್ಗವನ್ನು ನಾನು ಯಾಕೆ ತಂದೆ ಗೊತ್ತಾ? ನೇಯುವವರನ್ನು ಕರೆಸಿ ಮುಗಿಸಿಕೊಡುತ್ತೇನೆ ಎಂದು ಸೀ ಲಾಮೀನ್ ಹೇಳಿದ್ದರು. ನೀನು ಮಾಡದ್ದನ್ನು ಇನ್ಯಾರಾದರೂ ಮಾಡಲಿ, ಮಗ್ಗ ಖಾಲಿಯಾಗಿ ಮನೆಗೆ ಬರಲಿ ಎಂದುಕೊಂಡೆ. ನೀನು ಊರಲ್ಲಿಲ್ಲದಾಗ ತಂದದ್ದು ಅದಕ್ಕೇ. ಇಲ್ಲಿ ನಿಲ್ಲಿಸಿದ ಮೇಲೆ ಅವರು ಸುತ್ತ ಒಂದು ಸಲ ನಡೆದು, "ಅರ್ಧ ಇರೋದೇ ಇದರ ಚೆಂದ, ಹೀಗೇ ಇರಲಿ" ಅಂದರು. ಸತ್ತ ಹುಡುಗಿಯ ಮುಗಿಯದ ಕಂಬಳಿ ಎಂದು ಬರುವವರಿಗೆಲ್ಲ ತೋರಿಸುತ್ತಾರೆ. ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ, ಆಮೇಲೆ ಈಜಲು ಹೋಗುತ್ತಾರೆ.

ಈಗ ಸುತ್ತಲೂ ಗಾಜು ಹಾಕಿಸುತ್ತಾರಂತೆ. ಪ್ರವಾಸಿಗಳ ಕಾಲ ಶುರುವಾಗುವ ಮೊದಲು, ಈ ತಿಂಗಳ ಕೊನೆಗೆ. ಗಾಜು ಕೂತ ಮೇಲೆ ತೆಗೆಯಲಾಗದು. ಬೇಡ ಎಂದು ನಾನು ಕೈಮುಗಿದೆ. "ನೆಜಿಯಾ, ನೀನು ಓದಿದ ಹುಡುಗಿ" ಎಂದು ನಕ್ಕರು.

ಇದನ್ನು ಓದಿ ನಿನಗೆ ಸಿಟ್ಟು ಬರುತ್ತದೆ. ಬರಲಿ. ನನಗೆ ಎರಡು ವರ್ಷದಿಂದ ಬರುತ್ತಿದೆ.

ನೆಜಿಯಾ


ಜೆರ್ಬಾ
ಮಾರ್ಚ್ 20, 1977

ಉಮ್ಮಿ,

ಉತ್ತರ ಇಲ್ಲ. ಬಸ್ಸಿನವನನ್ನು ಕೇಳಿದೆ, ಬಾಗಿಲಲ್ಲಿ ಕೂತಿದ್ದೀಯ ಎಂದ. ಅಂದರೆ ಬದುಕಿದ್ದೀಯ, ಸುಮ್ಮನಿದ್ದೀಯ ಅಷ್ಟೆ.

ಸ್ಫಾಕ್ಸ್‌ನಿಂದ ಗಾಜಿನವರು ಬಂದು ಅಳತೆ ತೆಗೆದುಕೊಂಡು ಹೋದರು. ಮುಂದಿನ ಸೋಮವಾರ ಗಾಜು ತರುತ್ತಾರೆ. ನಾನೊಬ್ಬಳೇ ಮುಗಿಸೋಣವೆಂದು ಕೂತೆ, ಆಗಲಿಲ್ಲ. ಆ ಚಿತ್ತಾರ ಅಕ್ಕನ ತಲೆಯಲ್ಲಿತ್ತು, ಈಗ ನಿನ್ನ ತಲೆಯಲ್ಲಿ ಮಾತ್ರ ಇದೆ. ಹಣಿಗೆಯೂ ನಿನ್ನ ಹತ್ತಿರವೇ ಇದೆ.

ಕ್ಷಮಿಸು ಎಂದು ಕೇಳಲು ಬರೆಯುತ್ತಿಲ್ಲ. ಹಣಿಗೆ ತೆಗೆದುಕೊಂಡು ಬಾ.

ನೆಜಿಯಾ


ತೂಜಾನ್
ಮಾರ್ಚ್ 22, 1977

ನೆಜಿಯಾ,

ಗುರುವಾರ ಬೆಳಗಿನ ದೋಣಿಗೆ ಬರುತ್ತೇನೆ. ನೂಲು ನಾನೇ ತರುತ್ತೇನೆ. ನಿಮ್ಮ ಹೋಟೆಲಿನ ಅನ್ನ ನನಗೆ ಬೇಡ, ರೊಟ್ಟಿ ಕಟ್ಟಿಕೊಂಡಿದ್ದೇನೆ. ದಾರಿಯಲ್ಲಿ ಮಾತಾಡಿಸಬೇಡ, ಬೈಯುವುದು ಬಹಳ ಇದೆ, ಶುರು ಮಾಡಿದರೆ ಕೆಲಸ ಆಗುವುದಿಲ್ಲ.

ಖಮೀಸಾ


ಜೆರ್ಬಾ
ಏಪ್ರಿಲ್ 11, 1977

ಉಮ್ಮಿ,

ನೀನು ಕಂಬಳಿ ಸುತ್ತಿಕೊಂಡು ದೋಣಿ ಹತ್ತಿ ಹೋದ ಮೇಲೆ ಇಲ್ಲಿ ಆದದ್ದನ್ನು ಹೇಳುತ್ತೇನೆ. ಆಮೇಲೆ ನನ್ನ ಸಿಟ್ಟು ಹೇಳುತ್ತೇನೆ.

ನೀನು ಬಂದು ಕೂತಾಗ ಸೀ ಲಾಮೀನ್ ತಡೆಯಲಿಲ್ಲ ಯಾಕೆ ಗೊತ್ತಾ? ಅತಿಥಿಗಳಿಗಾಗಿ ನಾನೇ ನಿನ್ನನ್ನು ಕರೆಸಿದ್ದೇನೆ ಎಂದುಕೊಂಡಿದ್ದರು. ಹಳ್ಳಿಯ ಮುದುಕಿ, ಹಚ್ಚೆಯ ಗಲ್ಲ, ಕಬ್ಬಿಣದ ಹಣಿಗೆ. ಇನ್ನೇನು ಬೇಕು ಅವರಿಗೆ. ತಾವೇ ಚಹಾ ತಂದಿಟ್ಟರು, ನೀನು ಮುಟ್ಟಲಿಲ್ಲ. ಜರ್ಮನ್ ಹೆಂಗಸೊಬ್ಬಳು ನಿನ್ನ ಮಡಿಲಿಗೆ ನಾಣ್ಯ ಹಾಕಿದಳು. ನೀನು ಅದನ್ನು ಆಕ್ಟೋಪಸ್ ಗಡಿಗೆಯೊಳಗೆ ಎಸೆದೆ, ಬಲ್ಬು ಒಡೆಯಿತು. ಅದಕ್ಕೂ ಅವರೆಲ್ಲ ಚಪ್ಪಾಳೆ ತಟ್ಟಿದರು.

ಮೂರನೆಯ ದಿನ ನೀನು ನೀರಿನ ಬಟ್ಟಲು ತರಿಸಿದಾಗಲೇ ಅವರಿಗೆ ಅನುಮಾನ ಬಂದದ್ದು. "ಗಂಡಸರೆಲ್ಲ ಹೊರಗೆ ಹೋಗಿ" ಎಂದೆಯಲ್ಲ, ಆಗ ನಮ್ಮ ಅಡುಗೆಯವರು, ಬಡಿಸುವವರು, ಬಾಗಿಲು ಕಾಯುವವರು ಒಬ್ಬರೂ ಯಾಕೆ ಎಂದು ಕೇಳಲಿಲ್ಲ. ಅವರ ತಾಯಂದಿರೂ ನೇಯುವವರೇ. ತಟ್ಟೆ ಹಿಡಿದವನು ತಟ್ಟೆಯ ಸಮೇತ ನಡೆದ. ಜರ್ಮನ್ ಗಂಡಸರನ್ನೂ ಭುಜ ಹಿಡಿದು ಕರೆದುಕೊಂಡು ಹೋದರು. ಯಜಮಾನರೊಬ್ಬರೇ ಉಳಿದು ಕೂಗುತ್ತಿದ್ದರು. ಅವರನ್ನು ಹೊರಗೆ ಕರೆದೊಯ್ದವನು ಮುಖ್ಯ ಅಡುಗೆಯವನು, ಅವರದೇ ಸಂಬಳ ತಿನ್ನುವವನು. ಈಗ ಹೇಳುತ್ತಾರೆ, "ನಿಮ್ಮಮ್ಮ ನನ್ನ ಹೋಟೆಲಿನ ಜೀವ ಕಿತ್ಕೊಂಡು ಹೋದ್ರು" ಎಂದು.

ಇಷ್ಟಕ್ಕೇ ಮುಗಿದಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಮುಗಿಯಲಿಲ್ಲ. ಅವತ್ತು ಒಳಗಿದ್ದ ಹೆಂಗಸರು ಹೋದಲ್ಲೆಲ್ಲ ಹೇಳಿದ್ದಾರೆ, ಇನ್ನೊಮ್ಮೆ ಯಾವಾಗ ಎಂದು ಕೇಳುವವರು ಹೆಚ್ಚಿದ್ದಾರೆ. ಹೋದ ವಾರ ಯಜಮಾನರು ನನ್ನನ್ನು ಕರೆದರು, ಸಿಟ್ಟೆಲ್ಲ ಇಳಿದಿತ್ತು. ಪ್ರತಿ ಗುರುವಾರ ಸಂಜೆ ಒಂದು ತುಂಡು ಕಂಬಳಿ ಕತ್ತರಿಸಬೇಕಂತೆ. ನೀರಿನ ಬಟ್ಟಲು, ಪ್ರಾರ್ಥನೆ, ಗಂಡಸರು ಹೊರಗೆ, ಎಲ್ಲ ಹಾಗೇ ಇರಬೇಕಂತೆ. ಅಳುವುದಕ್ಕೆ ಒಬ್ಬಿಬ್ಬರು ಇದ್ದರೆ ಇನ್ನೂ ಒಳ್ಳೆಯದಂತೆ. ಬೀಗದ ಕೈ ಗೊಂಚಲನ್ನು ಅವರ ಮೇಜಿನ ಮೇಲೆ ಎಸೆದು ಕೆಲಸ ಬಿಟ್ಟು ಬಂದೆ. ಆ ಮೇಜೂ ಯಾರದೋ ಮನೆಯ ಬಾಗಿಲೇ.

ಈಗ ದೋಣಿಗಟ್ಟೆಯ ಊರು ಅಜೀಮ್‌ನಲ್ಲಿ, ಹೋಟೆಲಿನಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದವಳೊಬ್ಬಳ ಮನೆಯಲ್ಲಿದ್ದೇನೆ.

ಇನ್ನು ನನ್ನ ಸಿಟ್ಟು. ಮೂರು ದಿನ ನಿನ್ನ ಪಕ್ಕದಲ್ಲಿ ಕೂತು ನೇಯ್ದೆ. ನೀನು ಎಣಿಸಿಕೊಟ್ಟೆ, ನಾನು ಎಳೆ ಹಾಕಿದೆ. ಆ ಮೂರು ದಿನ ನೀನು ನನ್ನನ್ನು ಕರೆದದ್ದು ಹೇಗೆ, ಗೊತ್ತಿದೆಯಾ? "ಶಲ್ಬಿಯಾ, ಕೆಂಪು ಕೊಡು. ಶಲ್ಬಿಯಾ, ಬಿಗಿ ಹಿಡಿ." ಒಂದು ಸಲವೂ ನೆಜಿಯಾ ಅನ್ನಲಿಲ್ಲ. ಮುದುಕಿ, ದಣಿದಿದ್ದಾಳೆ ಎಂದುಕೊಂಡು ಕೆಂಪು ಕೊಟ್ಟೆ. ಕೊನೆಗೆ ಕತ್ತರಿಸುವಾಗ ನೀನು ಆಗಲ್ಲ ಅಂದೆ, ಕತ್ತಿಯನ್ನು ನನ್ನ ಕೈಗಿಟ್ಟು ಮುಖ ತಿರುಗಿಸಿದೆ. ಅಕ್ಕನ ಹಾಸನ್ನು ಕತ್ತರಿಸಿದವಳು ನಾನು. ಒಂದೊಂದು ನೂಲೂ ಬಿಟ್ಟುಕೊಳ್ಳುವಾಗ ಮಾಡಿದ ಸಪ್ಪಳ ನನ್ನ ಕಿವಿಯಲ್ಲಿದೆ. ನಾನೂ ಅವಳನ್ನು ಕಳೆದುಕೊಂಡಿದ್ದೇನೆ ಎಂದು ನಿನಗೆ ಯಾವತ್ತಾದರೂ ಹೊಳೆದಿದೆಯಾ?

ಆಮೇಲೆ ಕಂಬಳಿ ಎತ್ತಿಕೊಂಡು, ಹೋಗುತ್ತೇನೆ ಎಂದೂ ಹೇಳದೆ ಹೋದೆ. ನಾನು ಮನೆಗೆ ಬರುತ್ತೇನೆ ಎಂದು ಬರೆಯುತ್ತಿಲ್ಲ. ನೀನು ಕರೆದಿಲ್ಲ.

ನೆಜಿಯಾ
(ನಿನಗೆ ನೆನಪಿರಲಿ ಎಂದು ಹೆಸರನ್ನು ದೊಡ್ಡದಾಗಿ ಬರೆದಿದ್ದೇನೆ)


ತೂಜಾನ್
ಮೇ 2, 1977

ನೆಜಿಯಾ, ನೆಜಿಯಾ, ನೆಜಿಯಾ,

ಮೂರು ದಿನಕ್ಕೆ ಮೂರು ಸಲ. ಇನ್ನೂ ಬೇಕಾದರೆ ಬಂದು ಕೇಳಿಸಿಕೋ, ಇಲ್ಲಿ ಕಾಗದ ಸಾಲದು.

ನಿನ್ನ ಪತ್ರ ಬಂದ ದಿನ ಒಲೆಗೆ ಹಾಕುತ್ತೇನೆಂದು ಎದ್ದೆ. ಹಾಕಲಿಲ್ಲ. ಮಾರ್ಚಿನಲ್ಲಿ ಬರೆದಿದ್ದೆಯಲ್ಲ, ಅದನ್ನೂ ಹಾಕಿರಲಿಲ್ಲ. ಅದರಲ್ಲಿ ನೀನು ಹೇಳಿದ್ದೆಲ್ಲ ನಿಜ. ಅಷ್ಟು ಸಿಟ್ಟು ಬಂದದ್ದು ಅದಕ್ಕೇ, ಸುಳ್ಳಾಗಿದ್ದರೆ ಎರಡು ಬೈದು ಮರೆಯುತ್ತಿದ್ದೆ. ಮುಗಿಸಿದರೆ ಅವಳು ಹೋಗಿಬಿಡುತ್ತಾಳೆ ಎಂದು ಮಗ್ಗ ಕಾದೆ. ಅವಳು ಮೊದಲೇ ಹೋಗಿದ್ದಳು. ಕಾಯುತ್ತಾ ಕೂತ ನನ್ನ ಎದುರಿನಿಂದ ನೀನೂ ಎದ್ದು ಹೋದೆ, ಅದು ಕಾಣಲಿಲ್ಲ. ಅದಕ್ಕೆ ಡಾಕ್ಟರ ಹತ್ತಿರ ಮದ್ದಿಲ್ಲ.

ಬೀಗದ ಕೈ ಎಸೆದದ್ದು ಒಳ್ಳೆಯದಾಯಿತು. ಅವನ ಮುಖಕ್ಕೇ ಎಸೆಯಬೇಕಿತ್ತು, ಮೇಜಿನ ಮೇಲೆ ಯಾಕೆ ಹಾಕಿದೆ? ಗುರುವಾರಕ್ಕೊಂದು ಸಾವು ಬೇಕಂತಾ ಅವನಿಗೆ. ಮಗ್ಗದ ಮರ ಅಲ್ಲೇ ಉಳಿಯಿತಲ್ಲ, ಇಟ್ಟುಕೊಳ್ಳಲಿ. ಅದರಲ್ಲಿ ಈಗ ಏನೂ ಇಲ್ಲ, ಬರೀ ಕಟ್ಟಿಗೆ.

ಕಂಬಳಿಯನ್ನು ಬಾವಿಕಟ್ಟೆಯಲ್ಲಿ ಒಗೆದು ಒಣಹಾಕಿದೆ. ಸಮುದ್ರದ ಉಪ್ಪು ಬಿಡಲು ಮೂರು ನೀರು ಬೇಕಾಯಿತು. ಈಗ ಹೊದ್ದು ಮಲಗುತ್ತೇನೆ, ಬೆಚ್ಚಗಿದೆ. ಸಾಸಿಯಾ ಬಂದು ಸವರಿ ನೋಡಿ, ಶಲ್ಬಿಯಾ ಎಲ್ಲಿಗೆ ನಿಲ್ಲಿಸಿದ್ದಳು ಎಂದು ಕೇಳಿದಳು. ತೋರಿಸಿದೆ. ಅಲ್ಲಿಂದ ಮುಂದೆ ನಿನ್ನ ಕೈ, ಸ್ವಲ್ಪ ಸಡಿಲ. ನೀನು ಯಾವಾಗಲೂ ಸಡಿಲವೇ ನೇಯುವುದು.

ದೋಣಿಯಲ್ಲಿ ನನ್ನ ಗಂಟು ಹೊತ್ತವನು ನಿನ್ನ ಮನ್ಸೂರನೇ ತಾನೇ? ಹೆಸರು ಹೇಳಲಿಲ್ಲ, ಕಿವಿ ನೋಡಿ ಗುರುತು ಹಿಡಿದೆ, ಅವರಪ್ಪನವೇ ಕಿವಿ. ಬಿಸಿಲು ಬೀಳದ ಹಾಗೆ ನನ್ನ ಪಕ್ಕ ನಿಂತುಕೊಂಡು ಬಂದ. ಅವನ ತಾಯಿಗೆ ಹೇಳಿ ಕಳಿಸಿದ್ದೇನೆ, ಮೂರನೆಯ ಸಲ ಬರಲಿ.

ಬಡಗಿಯಿಂದ ಹೊಸ ತೊಲೆ ಮಾಡಿಸಿದೆ, ಏಪ್ರಿಕಾಟ್ ಮರದ್ದು. ಹಳೆಯ ಗುಳಿಗಳಲ್ಲೇ ನಿಲ್ಲಿಸಿದ್ದೇನೆ. ಅಂಗಳದಲ್ಲಿ ಹಾಸು ಎಳೆಯಲು ಗೂಟ ಹೊಡೆದಿದ್ದೇನೆ. ನಿನಗೆ ಗೊತ್ತಿದೆ, ಹಾಸು ಒಬ್ಬಳಿಂದ ಆಗದು, ಆ ಗೂಟದಲ್ಲಿ ಒಬ್ಬರು, ಈ ಗೂಟದಲ್ಲಿ ಒಬ್ಬರು, ನೂಲಿನ ಉಂಡೆ ಹಿಡಿದು ನಡುವೆ ಓಡಾಡುವವರು ಒಬ್ಬರು. ಸಾಸಿಯಾ ಒಂದು ಗೂಟಕ್ಕೆ ಕೂರುತ್ತಾಳೆ. ಇನ್ನೊಂದಕ್ಕೂ ಅವಳ ಸೊಸೆ ಬರುತ್ತೇನೆಂದಳು, ಬೇಡ ಎಂದು ಕಳಿಸಿದೆ. ನೆಜಿಯಾಳ ಕಂಬಳಿಗೆ ನೆಜಿಯಾಳೇ ಕೂರಬೇಕು.

ಹಣಿಗೆ ನಿನ್ನ ಮಣೆಯ ಮೇಲಿಟ್ಟಿದ್ದೇನೆ. ಹೊಡೆದದ್ದು ಅದೇ, ನೇಯುವುದೂ ಅದರಲ್ಲೇ, ನಮಗೆ ಇನ್ನೊಂದಿಲ್ಲ. ಇನ್ನು ಮೇಲೆ ಅದು ನಿನ್ನ ಕೈಯಲ್ಲಿರಲಿ.

ಸಿಟ್ಟು ಹೋಗಿಲ್ಲ, ನನ್ನ ಮನೆಯ ಮಗ್ಗ ಕದ್ದವಳು ನೀನು. ಬಂದ ಮೇಲೆ ಬೈಯುತ್ತೇನೆ, ನೀನೂ ಬೈ. ಬರುವಾಗ ನಾನು ವಾಪಸು ಕಳಿಸಿದ ಕಾಫಿಪುಡಿ ತೆಗೆದುಕೊಂಡು ಬಾ, ಕುಡಿದು ಮುಗಿಸಿದ್ದರೆ ಬೇರೆ ತಾ. ಉಣ್ಣೆ ಒಗೆದು ಒಣಗಿಸಿಟ್ಟಿದ್ದೇನೆ. ಖರ್ಜೂರವೂ ತಂದಿಟ್ಟಿದ್ದೇನೆ, ಗುರುವಾರದೊಳಗೆ ಬರದಿದ್ದರೆ ಇರುವೆ ತಿನ್ನುತ್ತದೆ.

ನಿನ್ನ ಉಮ್ಮಿ,
ಖಮೀಸಾ